ಹಗೇವು ತುಂಬಿದೆ, ಪೈರಿಗೆ ಕೈ ಎಟುಕುತ್ತಿಲ್ಲ

ಪ್ರಶ್ನೆ: "ಸರ್, ಜಗಳೂರು ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಕೆಂಪು ಮಣ್ಣಿನ ಖುಷ್ಕಿ ಹೊಲ. ಹನ್ನೆರಡು ವರ್ಷದಿಂದ ಬರೀ ಮೆಕ್ಕೆಜೋಳ. ಬಿತ್ತುವ ಮುಂಚೆ ಎಕರೆಗೆ ಎರಡು ಚೀಲ ಡಿಎಪಿ ಗೊಬ್ಬರ ಎರಚಿ ರೋಟವೇಟರ್ ಹೊಡೆಸುತ್ತೇವೆ. ಆದರೂ ಪ್ರತಿ ವರ್ಷ ಇಪ್ಪತ್ತು ದಿನದ ಪೈರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅಂಗಡಿಯವರು ರಂಜಕ ಕಮ್ಮಿಯಾಗಿದೆ, ಇನ್ನೊಂದು ಚೀಲ ಹಾಕಿ ಅಂತಾರೆ. ಮಣ್ಣು ಪರೀಕ್ಷೆ ಮಾಡಿಸಿದರೆ ರಂಜಕ 62, 'ಹೆಚ್ಚು' ಅಂತ ಬಂದಿದೆ. ರಸಸಾರ (ಪಿಎಚ್) 6.2. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಉಳುಮೆ ಪೂರ್ತಿ ನಿಲ್ಲಿಸಿ, ಮಣ್ಣು ಮುಚ್ಚಿಡೋ ಹೊದಿಕೆ ಬೆಳೆ ಹಾಕಿ, ಮಣ್ಣಲ್ಲಿರೋ ರಂಜಕ ತಾನಾಗಿ ಬಿಡುಗಡೆ ಆಗುತ್ತೆ, ಡಿಎಪಿ ಬೇಕಾಗೇ ಇಲ್ಲ ಅಂತ ಅದರಲ್ಲಿ ಹೇಳ್ತಾರೆ. ನಮ್ಮ ಅಪ್ಪ ಮಾತ್ರ ಆಳವಾಗಿ ಉಳದಿದ್ದರೆ ಕೆಳಗಿನ ಸತ್ವ ಮೇಲೆ ಬರಲ್ಲ ಅಂತಾರೆ. ಹಿರಿಯೂರು ಕಡೆ ಮಾವನವರದ್ದು ಎರಡು ಎಕರೆ ಎರೆಹೊಲ ಇದೆ, ಅಲ್ಲೂ ಹೊದಿಕೆ ಬೆಳೆ ಹಾಕಬಹುದಾ? ಯಾರ ಮಾತು ಕೇಳೋದು?"

ಉತ್ತರ: ಅಂಗಡಿಯವರ ಮಾತನ್ನು ಮೊದಲು ಪಕ್ಕಕ್ಕಿಡಿ. ಮೂರನೇ ಚೀಲ ಬೇಡ. ಹಾಗೆಂದು ವಿಡಿಯೋದವರ ಮಾತು ನಂಬಿ ಒಂದೇ ವರ್ಷಕ್ಕೆ ಎಲ್ಲ ನಿಲ್ಲಿಸಲೂ ಬೇಡಿ. ನಿಮ್ಮ ತಂದೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಆಮೇಲೆ ಹೇಳುತ್ತೇನೆ.

ನಿಮ್ಮ ಒಗಟು ಇಷ್ಟು: ಮಣ್ಣು ಪರೀಕ್ಷೆಯ ಕಾರ್ಡು ರಂಜಕ ಹೆಚ್ಚು ಅನ್ನುತ್ತದೆ, ಪೈರು ಇಲ್ಲ ಅನ್ನುತ್ತದೆ. ಇಪ್ಪತ್ತು ವರ್ಷದಿಂದ ದಾವಣಗೆರೆ, ಚಿತ್ರದುರ್ಗದ ಮಣ್ಣು ಪರೀಕ್ಷೆ ಮಾಡುತ್ತಿರುವ ನನಗೆ ಈ ಒಗಟು ಹೊಸದಲ್ಲ. ಹೆಚ್ಚಿನ ಸಲ ಎರಡೂ ನಿಜವೇ ಹೇಳುತ್ತಿರುತ್ತವೆ.

ಕಾರ್ಡಿನಿಂದ ಶುರು ಮಾಡೋಣ. ಆ 62 ಯಾವ ಲೆಕ್ಕದ್ದು ಎಂದು ನೋಡಿ. ಗೊಬ್ಬರದ ಚೀಲದ ಮೇಲೆ ಬರೆಯುವ 'ಪಿ2ಒ5' (ರಂಜಕದ ಆಕ್ಸೈಡು) ಲೆಕ್ಕದಲ್ಲಿ ಹೆಕ್ಟೇರಿಗೆ ಸುಮಾರು 23 ಕಿಲೋಗಿಂತ ಕಡಿಮೆ ಇದ್ದರೆ 'ಕಡಿಮೆ', 56 ದಾಟಿದರೆ 'ಹೆಚ್ಚು'. ಬರೀ 'ಪಿ', ಅಂದರೆ ಶುದ್ಧ ರಂಜಕದ ಲೆಕ್ಕದಲ್ಲಾದರೆ 10ರ ಕೆಳಗೆ ಕಡಿಮೆ, 25ರ ಮೇಲೆ ಹೆಚ್ಚು. 'ಪಿ' ಅಂಕಿಯನ್ನು 2.29ರಿಂದ ಗುಣಿಸಿದರೆ 'ಪಿ2ಒ5' ಸಿಗುತ್ತದೆ. ಈ ಎರಡನ್ನೂ ಅದಲುಬದಲು ಮಾಡಿಕೊಂಡು ಗೊಬ್ಬರ ಹಾಕಿದವರನ್ನು, ಗೊಬ್ಬರ ಬಿಟ್ಟವರನ್ನು ಇಬ್ಬರನ್ನೂ ಕಂಡಿದ್ದೇನೆ. ನಿಮ್ಮದು ಯಾವ ಲೆಕ್ಕದಲ್ಲಿ ನೋಡಿದರೂ ಹೆಚ್ಚೇ.

ಹೆಚ್ಚಾಗದೆ ಇನ್ನೇನಾದೀತು? ಒಂದು ಚೀಲ ಡಿಎಪಿಯಲ್ಲಿ 23 ಕಿಲೋ ಪಿ2ಒ5 ಇದೆ. ಎರಡು ಚೀಲ ಅಂದರೆ 46. ಮಳೆ ಕೈಹಿಡಿದ ವರ್ಷ ಎಕರೆಗೆ 20 ಕ್ವಿಂಟಾಲ್ ಕಾಳು ಬಂತು ಎಂದುಕೊಳ್ಳಿ. ಆ ಕಾಳಿನ ಜೊತೆ ಹೊಲದಿಂದ ಹೊರಗೆ ಹೋಗುವುದು ಸುಮಾರು 14 ಕಿಲೋ. ಸಪ್ಪೆಯನ್ನೂ ದನಕ್ಕೆ ಕೊಯ್ದು ಒಯ್ದರೆ ಇನ್ನೊಂದು 4 ಕಿಲೋ. ಉಳಿದ 28 ಕಿಲೋ ಎಲ್ಲಿಗೂ ಹೋಗಿಲ್ಲ. ಯೂರಿಯಾದ ಸಾರಜನಕದ ಹಾಗೆ ಇದು ಗಾಳಿಗೆ ಹಾರುವುದಿಲ್ಲ, ನಮ್ಮ ಕಡೆಯ ಮಳೆಗೆ ನೀರಿನ ಜೊತೆ ಕೆಳಗೂ ಇಳಿಯುವುದಿಲ್ಲ. ಮೇಲ್ಮಣ್ಣು ಕೊಚ್ಚಿಹೋದರೆ ಅದರ ಜೊತೆ ಹೋಗುತ್ತದೆ, ಅಷ್ಟೇ. ಹನ್ನೆರಡು ವರ್ಷಕ್ಕೆ ಲೆಕ್ಕ ಹಾಕಿ: ಎಕರೆಗೆ ಮುನ್ನೂರು ಕಿಲೋ ದಾಟುತ್ತದೆ. ಹದಿನಾಲ್ಕು ಚೀಲ ಡಿಎಪಿಗೆ ಸಮ. ಚೀಲಕ್ಕೆ 1,350 ರೂಪಾಯಿಯಂತೆ ಹತ್ತೊಂಬತ್ತು ಸಾವಿರ ರೂಪಾಯಿ, ಒಂದೊಂದು ಎಕರೆಯಲ್ಲಿ ಹೂತು ಕೂತಿದೆ. ಬರಗಾಲದ ವರ್ಷಗಳಲ್ಲಿ ಕಾಳು ಕಮ್ಮಿ ಬಂದಿರುತ್ತದೆ, ಹಾಗಾಗಿ ಉಳಿದದ್ದು ಇನ್ನೂ ಜಾಸ್ತಿ.

ನಮ್ಮ ಕಡೆ ಹಳೆಯ ಮನೆಗಳ ಮುಂದೆ ನೆಲದೊಳಗೆ ಜೋಳ ತುಂಬಿಡುವ ಹಗೇವು ಇರುತ್ತಿತ್ತಲ್ಲ, ನಿಮ್ಮ ಹೊಲ ಈಗ ಆ ಸ್ಥಿತಿಯಲ್ಲಿದೆ. ಕಾಳು ತುಂಬಿದೆ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದೆ. ಮೇಲೆ ನಿಂತ ಮಗು ಹಸಿವು ಅಂತ ಅಳುತ್ತಿದೆ.

ಆ ಬಾಯಿ ಮುಚ್ಚುವುದು ಏನು? ನಿಮ್ಮ ಮಣ್ಣಿಗೆ ಕೆಂಪು ಬಣ್ಣ ಕೊಟ್ಟಿರುವ ಕಬ್ಬಿಣದ ಆಕ್ಸೈಡು, ಅಂದರೆ ಒಂದು ಬಗೆಯ ತುಕ್ಕು. ಜೊತೆಗೆ ಅಲ್ಯೂಮಿನಿಯಂ. ಡಿಎಪಿ ಕರಗಿ ಬಂದ ರಂಜಕವನ್ನು ಇವೆರಡೂ ತಮ್ಮ ಮೈಗೆ ಅಂಟಿಸಿಕೊಳ್ಳುತ್ತವೆ. ಹಾಕಿದ ರಂಜಕದಲ್ಲಿ ಆ ವರ್ಷದ ಬೆಳೆಗೆ ಸಿಗುವುದು ನೂರಕ್ಕೆ ಹದಿನೈದು ಇಪ್ಪತ್ತು ಪಾಲು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅದರಿಂದಲೇ 'ಮಿಕ್ಕಿದ್ದು ಕಲ್ಲಾಗಿ ಹೋಗುತ್ತದೆ' ಎಂಬ ನಂಬಿಕೆ ಹುಟ್ಟಿದೆ. ಅದು ಪೂರ್ತಿ ನಿಜವಲ್ಲ. ಒಂದಿಷ್ಟು ಗಟ್ಟಿಯಾಗಿ ಕೂರುತ್ತದೆ, ದೊಡ್ಡ ಪಾಲು ನಿಧಾನಕ್ಕೆ, ವರ್ಷಗಟ್ಟಲೆ, ಬಿಡುತ್ತಾ ಬರುತ್ತದೆ. ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣು ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಷ್ಟು ಜಿಪುಣನೂ ಅಲ್ಲ. 6.2 ರಸಸಾರ ಒಳ್ಳೆಯದೇ. ನಿಮ್ಮ ಮಣ್ಣಿಗೆ ಸುಣ್ಣ ಹಾಕುವ ಪ್ರಮೇಯವಿಲ್ಲ.

ಕಷ್ಟ ಇರುವುದು ರಂಜಕ ಬೇರಿನವರೆಗೆ ಬರುವ ದಾರಿಯಲ್ಲಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು ಒಂಬತ್ತು ಲಕ್ಷ ಕಿಲೋ ತೂಗುತ್ತದೆ. ಅಷ್ಟು ಮಣ್ಣಿನ ತೇವದಲ್ಲಿ ಯಾವುದೇ ಒಂದು ಗಳಿಗೆಯಲ್ಲಿ ನಿಜವಾಗಿ ಕರಗಿರುವ ರಂಜಕ ಕೆಲವೇ ಗ್ರಾಂ, ಬಹಳವಾದರೆ ಕೆಲವು ಹತ್ತು ಗ್ರಾಂ. ಕಾರ್ಡಿನ ಅಂಕಿ ನೋಡಿದವರಿಗೆ ಇದು ನಂಬಲಾಗದ ಮಾತು. ಬೆಳೆಗೆ ಬೇಕಾದದ್ದು ಕಿಲೋಗಟ್ಟಲೆ. ಅಂದರೆ ಬೇರು ಹೀರಿದ ಹಾಗೆಲ್ಲ ಆ ತೇವಕ್ಕೆ ಮಣ್ಣಿನಿಂದ ನೂರಾರು ಸಲ ಮರುಭರ್ತಿ ಆಗಬೇಕು. ರಂಜಕ ನೀರಿನ ಜೊತೆ ಹರಿದು ಬರುವುದಿಲ್ಲ, ತೇವದ ಪದರದಲ್ಲಿ ತೆವಳಿಕೊಂಡು ಬರುತ್ತದೆ. ಒಂದು ಹಂಗಾಮಿನಲ್ಲಿ ಅದು ಸಾಗುವ ದೂರ ಕೆಲವೇ ಮಿಲಿಮೀಟರ್. ಬೇರಿನ ಸುತ್ತಲಿನ ಒಂದೆರಡು ಮಿಲಿಮೀಟರ್ ಖಾಲಿಯಾದರೆ ಬೇರು ಮುಂದೆ ಬೆಳೆಯಲೇಬೇಕು. ತೇವ ಆರಿದರೆ ತೆವಳುವುದೂ ನಿಂತಿತು.

ಈಗ ನೇರಳೆ ಎಲೆ ನೋಡೋಣ. ಮೃಗಶಿರ ಮಳೆಗೆ ಬಿತ್ತುತ್ತೀರಿ. ಮೊಳಕೆ ಬರುತ್ತದೆ, ಆಮೇಲೆ ಹತ್ತು ಹನ್ನೆರಡು ದಿನ ಬಿಸಿಲು, ಗಾಳಿ. ನಿಮ್ಮ ತಾಲ್ಲೂಕಿನಲ್ಲಿ ಇದು ಪ್ರತಿ ವರ್ಷದ ಕಥೆ. ಮೇಲಿನ ಎರಡು ಮೂರು ಇಂಚು ಒಣಗುತ್ತದೆ. ನಿಮ್ಮ ಡಿಎಪಿ, ಹನ್ನೆರಡು ವರ್ಷದ್ದೂ ಸೇರಿ, ಬಹುಪಾಲು ಮೇಲ್ಪದರದಲ್ಲೇ ಇರಬೇಕು. ರೋಟವೇಟರ್ ಕಲಸುವುದು ಮೇಲಿನ ಕೆಲವೇ ಇಂಚು. ಕೆಳಗೆ ತೇವವಿದೆ, ಆದರೆ ವರ್ಷಗಟ್ಟಲೆ ರೋಟವೇಟರ್ ಒತ್ತಿದ ಗಟ್ಟಿ ಪದರ ಬೇರನ್ನು ಇಳಿಯಲು ಬಿಡುವುದಿಲ್ಲ. ಚಳ್ಳಕೆರೆ ಕಡೆ ಒಂದು ಹೊಲದಲ್ಲಿ ಇಂಥದ್ದೇ ನೇರಳೆ ಪೈರನ್ನು ಅಗೆದು ತೆಗೆದಾಗ ಅದರ ಬೇರು ಐದು ಇಂಚು ಇಳಿದು ಮೊಣಕೈ ಮಡಚಿದ ಹಾಗೆ ಅಡ್ಡಕ್ಕೆ ತಿರುಗಿತ್ತು. ರೈತರು ಗೊಬ್ಬರದ ಮಾತಾಡುತ್ತಿದ್ದರು, ಬೇರು ಬೇರೆಯೇ ಕಥೆ ಹೇಳುತ್ತಿತ್ತು.

ಎಲ್ಲ ನೇರಳೆಯೂ ರಂಜಕದ ಕೊರತೆಯಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗೆ ಸಾಗದೆ ಉಳಿದಾಗ ಈ ಬಣ್ಣ ಬರುತ್ತದೆ. ಚಳಿ ಮೋಡ, ನೀರು ನಿಂತ ತಗ್ಗು, ಬೇರು ತಿನ್ನುವ ಹುಳ, ಯಾವುದರಿಂದಲೂ ಆಗಬಹುದು. ಕೆಲವು ಹೈಬ್ರಿಡ್‌ಗಳಿಗೆ ಹುಟ್ಟುಗುಣದಲ್ಲೇ ನೇರಳೆ ಇರುತ್ತದೆ. ಮಂಡಿಯೆತ್ತರ ಬರುವ ಹೊತ್ತಿಗೆ ಬಣ್ಣ ಮಾಯವಾಗಿ ಪೈರು ಹಸಿರಾದರೆ ಬೇರು ದಾರಿ ಕಂಡುಕೊಂಡಿತು ಎಂದರ್ಥ, ಇಳುವರಿಗೆ ಹೆಚ್ಚು ಪೆಟ್ಟಿಲ್ಲ. ನಡುದಿಂಡಿನ ಎರಡೂ ಬದಿ ಬಿಳಿ ಪಟ್ಟೆ ಬಂದರೆ ಅದು ಸತುವಿನ ಕೊರತೆ. ಅದನ್ನೂ ಹುಡುಕಿ ನೋಡಿ, ಏಕೆಂದರೆ ರಂಜಕ ಮಿತಿಮೀರಿದ ಹೊಲದಲ್ಲಿ ಸತು ಸಿಗುವುದು ಕಷ್ಟವಾಗುತ್ತದೆ. 2009ರಲ್ಲಿ ರಾಜ್ಯದಲ್ಲಿ ಭೂಚೇತನ ಎಂಬ ಸರ್ಕಾರಿ ಯೋಜನೆ ಶುರುವಾದಾಗ ಖುಷ್ಕಿ ಹೊಲಗಳಲ್ಲಿ ಸತು, ಬೋರಾನ್, ಗಂಧಕದ ಕೊರತೆ ಎದ್ದು ಕಂಡಿತ್ತು. ಆದರೂ ನಾವು ಡಿಎಪಿಯನ್ನೇ ಹೊತ್ತು ತರುತ್ತಿದ್ದೇವೆ.

ತಂದೆಯವರ ಮಾತಿಗೆ ಬರುತ್ತೇನೆ. ಗಟ್ಟಿ ಪದರ ಒಡೆಯಲು ಆಳದ ಉಳುಮೆ ಬೇಕು ಎಂಬುದು ಸರಿ. ಕೆಳಗಿನ ಸತ್ವ ಮೇಲೆ ಬರುತ್ತದೆ ಎಂಬುದು ಮಾತ್ರ ರಂಜಕದ ಮಟ್ಟಿಗೆ ತಲೆಕೆಳಗು. ಸತ್ವ ಇರುವುದು ಮೇಲೆ. ಕೆಳಗಿನ ಕೆಂಪು ಜೇಡಿಯಲ್ಲಿ ರಂಜಕ ಕಮ್ಮಿ, ಕಬ್ಬಿಣ ಜಾಸ್ತಿ. ಅದು ಹಸಿದ ಮಣ್ಣು. ದೊಡ್ಡ ನೇಗಿಲಿನಿಂದ ಮಗುಚಿ ಅದನ್ನು ಮೇಲಕ್ಕೆ ತಂದರೆ ಆ ವರ್ಷದ ಡಿಎಪಿಯನ್ನು ಅದೇ ನುಂಗಿ ಕೂರುತ್ತದೆ. ಆದ್ದರಿಂದ ಮಣ್ಣು ಮಗುಚದೆ ಬರೀ ಸೀಳುವ ಚಿಸೆಲ್ ನೇಗಿಲು ಸಾಕು. ಅದೂ ಬೇಸಿಗೆಯಲ್ಲಿ, ಮಣ್ಣು ಒಣಗಿದ್ದಾಗ, ಮೂರು ನಾಲ್ಕು ವರ್ಷಕ್ಕೊಮ್ಮೆ. ಹಸಿ ಇದ್ದಾಗ ಹೊಡೆದರೆ ಪದರ ಒಡೆಯುವುದಿಲ್ಲ, ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ. ಪದರ ಇದೆಯೋ ಇಲ್ಲವೋ ಎಂದು ನೋಡಲು ಬಾಡಿಗೆ ಕೊಡಬೇಕಿಲ್ಲ: ಒಳ್ಳೆ ಮಳೆಯಾದ ಎರಡನೇ ದಿನ ಬೆರಳು ದಪ್ಪದ ಕಬ್ಬಿಣದ ಸರಳನ್ನು ಹೊಲದ ಹತ್ತು ಕಡೆ ಒತ್ತಿ. ಎಲ್ಲ ಕಡೆ ಒಂದೇ ಆಳಕ್ಕೆ ತಡೆದರೆ ಪದರ ಇದೆ.

ಉಳುಮೆಯಿಂದ ರಂಜಕಕ್ಕೆ ಆಗುವ ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಎರಚಿದ ಡಿಎಪಿಯನ್ನು ರೋಟವೇಟರ್ ನುಣ್ಣಗೆ ಕಲಸಿದರೆ ಒಂದೊಂದು ಹರಳೂ ಎಷ್ಟೊಂದು ಕೆಂಪು ಮಣ್ಣನ್ನು ಮುಟ್ಟುತ್ತದೆ ಯೋಚಿಸಿ. ಹೆಚ್ಚು ಮುಟ್ಟಿದಷ್ಟೂ ಹೆಚ್ಚು ಅಂಟುತ್ತದೆ. ಅದೇ ಗೊಬ್ಬರವನ್ನು ಬೀಜದ ಪಕ್ಕ ಎರಡು ಇಂಚು ದೂರ, ಎರಡು ಇಂಚು ಕೆಳಗೆ ಸಾಲಾಗಿ ಬಿಟ್ಟರೆ ಸುತ್ತಲಿನ ಸ್ವಲ್ಪ ಮಣ್ಣಿನ ಹೊಟ್ಟೆ ತುಂಬಿ, ಮಿಕ್ಕಿದ್ದು ಬೇರಿಗೆ ಸಿಗುತ್ತದೆ. ಎರಡು ತಾಳಿನ ಕೂರಿಗೆ ಕಟ್ಟುತ್ತಿದ್ದವರಿಗೆ ಇದು ಗೊತ್ತಿದ್ದ ವಿದ್ಯೆ. ಈಗ ಬೀಜ, ಗೊಬ್ಬರ ಎರಡನ್ನೂ ಬಿಡುವ ಟ್ರ್ಯಾಕ್ಟರ್ ಕೂರಿಗೆ ಬಾಡಿಗೆಗೆ ಸಿಗುತ್ತದೆ. ಬೀಜಕ್ಕೇ ತಾಗುವಂತೆ ಮಾತ್ರ ಡಿಎಪಿ ಬಿಡಬೇಡಿ, ಮೊಳಕೆ ಸುಡುತ್ತದೆ.

ಇನ್ನು ನಾನು ತುಸು ಹೆಚ್ಚು ಹೊತ್ತು ನಿಲ್ಲಬೇಕಾದ ವಿಷಯ: ಬೇರಿಗೆ ಅಂಟಿ ಬದುಕುವ ಶಿಲೀಂಧ್ರ. ಪುಸ್ತಕದಲ್ಲಿ ಮೈಕೋರೈಜಾ ಅನ್ನುತ್ತಾರೆ. ಮೆಕ್ಕೆಜೋಳ, ಜೋಳ, ಶೇಂಗಾ, ತೊಗರಿ, ಈರುಳ್ಳಿ ಎಲ್ಲದರ ಬೇರಿನೊಳಗೂ ಇದು ಮನೆ ಮಾಡುತ್ತದೆ. ಕೂದಲಿಗಿಂತ ತೆಳುವಾದ ಎಳೆಗಳನ್ನು ಮಣ್ಣಿನಲ್ಲಿ ಹಲವು ಸೆಂಟಿಮೀಟರ್ ದೂರ ಚಾಚಿ, ಬೇರಿನ ಕೈಗೆ ಎಟುಕದ ಜಾಗದಿಂದ ರಂಜಕ, ಸತು ತಂದುಕೊಟ್ಟು ಬದಲಿಗೆ ಸಕ್ಕರೆ ತಿನ್ನುತ್ತದೆ. ತೆವಳುವ ರಂಜಕಕ್ಕೆ ಇದು ಹಗ್ಗ ಇಳಿಬಿಟ್ಟ ಹಾಗೆ. ಈರುಳ್ಳಿಯ ಬೇರಿಗೆ ರೋಮವೇ ಕಡಿಮೆ, ಈ ಶಿಲೀಂಧ್ರ ಇಲ್ಲದಿದ್ದರೆ ಅದರ ಪಾಡು ಕಷ್ಟ. ಚಿತ್ರದುರ್ಗ ಜಿಲ್ಲೆಯ ಈರುಳ್ಳಿ ಬೆಳೆಗಾರರು ಇದನ್ನು ಗಮನಿಸಬೇಕು.

ಪ್ರತಿ ಸಲ ಮಣ್ಣನ್ನು ಪುಡಿ ಮಾಡಿದಾಗಲೂ ಈ ಎಳೆಗಳ ಬಲೆ ಹರಿಯುತ್ತದೆ. ಹೊಸ ಪೈರು ಮತ್ತೆ ಮೊದಲಿನಿಂದ ಬಲೆ ನೇಯಬೇಕು, ಅದಕ್ಕೆ ಮೂರು ನಾಲ್ಕು ವಾರ ಬೇಕು. ಅಷ್ಟರಲ್ಲೇ ನಿಮ್ಮ ಪೈರು ನೇರಳೆಯಾಗಿರುತ್ತದೆ. ಹೊಲ ತಿಂಗಳುಗಟ್ಟಲೆ ಒಂದು ಹಸಿರು ಕಡ್ಡಿಯೂ ಇಲ್ಲದೆ ಖಾಲಿ ಬಿದ್ದರೆ ಶಿಲೀಂಧ್ರಕ್ಕೆ ಆಶ್ರಯವೂ ಇಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ತುಂಬಾ ಕಾಲ ಬೀಳು ಬಿಟ್ಟ ಹೊಲದಲ್ಲಿ ಮುಂದಿನ ಬೆಳೆ ರಂಜಕ, ಸತುವಿನ ಕೊರತೆಯಿಂದ ಕುಗ್ಗುವುದನ್ನು ಕಂಡು 'ದೀರ್ಘ ಬೀಳಿನ ರೋಗ' ಎಂದೇ ಹೆಸರಿಟ್ಟಿದ್ದರು. ಹುಡುಕಿದಾಗ ಸಿಕ್ಕ ಕಾರಣ ಇದೇ ಶಿಲೀಂಧ್ರದ ನಾಶ. ನೀವು ಕಾರ್ತಿಕದಲ್ಲಿ ಮೆಕ್ಕೆಜೋಳ ಮುರಿದು ಸಪ್ಪೆ ಕೊಯ್ದು, ಮಾಗಿ ಉಳುಮೆ ಮಾಡಿ, ಜೂನ್‌ವರೆಗೆ ಹೊಲವನ್ನು ಹರಗಿ ಹರಗಿ ಇಡುತ್ತೀರಲ್ಲವೇ? ಏಳು ತಿಂಗಳು. ಒಣ ಬೇಸಿಗೆ ತಾನೇ ಶಿಲೀಂಧ್ರವನ್ನು ಅಷ್ಟಾಗಿ ಕೊಲ್ಲುವುದಿಲ್ಲ. ಒಣ ಮಣ್ಣಿನಲ್ಲಿ ಅಲುಗಾಡಿಸದೆ ಬಿಟ್ಟರೆ ಎಳೆಗಳು ಮಳೆವರೆಗೆ ಜೀವ ಹಿಡಿದುಕೊಂಡಿರುತ್ತವೆ. ಅಲುಗಾಡಿಸುವುದೇ ಪೆಟ್ಟು. ಇನ್ನೊಂದು ಪೆಟ್ಟು ಡಿಎಪಿಯದು: ರಂಜಕ ಧಾರಾಳವಾಗಿ ಸಿಕ್ಕ ಬೇರು ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುವುದನ್ನೇ ಕಡಿಮೆ ಮಾಡುತ್ತದೆ.

ಹಾಗಾದರೆ ವಿಡಿಯೋದವರು ಹೇಳಿದ ಹಾಗೆ ಉಳುಮೆಯನ್ನೇ ಬಿಟ್ಟುಬಿಡಬಹುದೇ? ಆ ವಿಡಿಯೋ ಬಹುಶಃ ಬ್ರೆಜಿಲ್ ಅಥವಾ ಅಮೆರಿಕದ ಹೊಲದ್ದಿರಬೇಕು. ಬ್ರೆಜಿಲಿನ ಸೆರಾಡೊ ಸೀಮೆಯಲ್ಲಿ ನಮ್ಮದಕ್ಕಿಂತ ಕೆಂಪು, ನಮ್ಮದಕ್ಕಿಂತ ಬಡ ಮಣ್ಣಿನಲ್ಲಿ ಉಳದೇ ಬೆಳೆಯುತ್ತಾರೆ, ನಿಜ. ಆದರೆ ಅಲ್ಲಿ ವರ್ಷಕ್ಕೆ 1,200ರಿಂದ 1,500 ಮಿಲಿಮೀಟರ್ ಮಳೆ. ಮುಖ್ಯ ಬೆಳೆ ಕೊಯ್ದ ಮೇಲೂ ಹುಲ್ಲು ಹೊದಿಕೆ ಎದೆಯೆತ್ತರ ಬೆಳೆಯುತ್ತದೆ. ಜಗಳೂರಿಗೆ ಅದರ ಅರ್ಧ ಮಳೆಯೂ ಇಲ್ಲ. ಅಲ್ಲಿ ಕೂಡ ಎಲ್ಲವೂ ಸಲೀಸಾಗಿಲ್ಲ: ರುಜಿ ಹುಲ್ಲನ್ನು ಹೊದಿಕೆಯಾಗಿ ಬೆಳೆದ ಪ್ರಯೋಗಗಳಲ್ಲಿ ಮಣ್ಣು ಪರೀಕ್ಷೆಯಲ್ಲಿ ರಂಜಕ ಏರಿದ್ದು ಕಂಡರೂ ನಂತರದ ಸೋಯಾಬೀನ್ ಅದನ್ನು ಹೀರಿಕೊಳ್ಳಲಿಲ್ಲ. ಪರೀಕ್ಷೆಯ ಅಂಕಿ ಬೇರೆ, ಬೆಳೆಯ ಹೊಟ್ಟೆ ಬೇರೆ.

ನಮ್ಮ ಕೆಂಪು ಮಣ್ಣಿಗೆ ಇನ್ನೊಂದು ಸ್ವಭಾವವಿದೆ. ಬರಿಮೈಯಲ್ಲಿ ಬಿಟ್ಟರೆ ಮಳೆ ಹನಿಯ ಏಟಿಗೆ ಮೇಲ್ಮೈ ಹಪ್ಪಳದ ಹಾಗೆ ಗಟ್ಟಿಯಾಗಿ, ನೀರು ಇಂಗದೆ ಓಡುತ್ತದೆ. ಮೇಲೆ ಕಸಕಡ್ಡಿಯ ಹೊದಿಕೆ ಇಲ್ಲದೆ ಉಳುಮೆ ಮಾತ್ರ ನಿಲ್ಲಿಸಿದರೆ ನಿಮಗೆ ಸಿಗುವುದು ಅದೇ ಹಪ್ಪಳ, ಜೊತೆಗೆ ಕಳೆ. ಹೊದಿಕೆ ಉಳಿಸಲು ಬಿಡುವವರು ಯಾರು? ಸಪ್ಪೆ ದನಕ್ಕೆ ಬೇಕು. ಉಳಿದದ್ದನ್ನು ಊರಿನ ಕುರಿ ಬಿಡುವುದಿಲ್ಲ. ಮೇಲಾಗಿ ಉಳುಮೆಯಿಲ್ಲದ ಹೊಲದಲ್ಲಿ ಎರಚಿದ ರಂಜಕವೆಲ್ಲ ಮೇಲಿನ ಎರಡು ಇಂಚಿನಲ್ಲೇ ಪದರ ಕಟ್ಟುತ್ತದೆ, ಮೊದಲು ಒಣಗುವುದೂ ಆ ಎರಡು ಇಂಚೇ. ಮಳೆ ಧಾರಾಳವಾಗಿರುವ ಕಡೆ ಇದು ದೊಡ್ಡ ತೊಂದರೆಯಲ್ಲ. ನಿಮಗೆ ದೊಡ್ಡದು.

ಹೊದಿಕೆ ಬೆಳೆಯ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆ ಎಂದರೆ ಅದು ಸಾರಜನಕದ ಹಾಗೆ ರಂಜಕವನ್ನೂ ತಂದುಕೊಡುತ್ತದೆ ಎಂಬುದು. ಗಾಳಿಯಲ್ಲಿ ರಂಜಕವಿಲ್ಲ, ತರುವುದೆಲ್ಲಿಂದ? ಹೊಲದಲ್ಲಿ ಇರುವುದನ್ನೇ ಹೀರಿ, ಕೊಳೆತು, ಮುಂದಿನ ಬೆಳೆಗೆ ಸುಲಭವಾದ ರೂಪದಲ್ಲಿ ಕೊಡುತ್ತದೆ. ಎಷ್ಟು? ಹಸಿರೆಲೆ ಗೊಬ್ಬರಕ್ಕೆ ಬೆಳೆಯುವ ಸೆಣಬು ಎಕರೆಗೆ ಒಂದೂವರೆ ಟನ್ ಒಣತೂಕದಷ್ಟು ಬಂದರೆ ಅದರಲ್ಲಿರುವುದು ಸುಮಾರು 7 ಕಿಲೋ ಪಿ2ಒ5. ಅಂದರೆ ಚೀಲದ ಮೂರನೇ ಒಂದು ಪಾಲು ಡಿಎಪಿಗೂ ಕಮ್ಮಿ. ಅಲ್ಪವೆನಿಸಬಹುದು. ಆದರೆ ಎಳೆಯ ಸೊಪ್ಪು ಕೊಳೆಯುವಾಗ ಹುಟ್ಟುವ ಆಮ್ಲಗಳು ಕಬ್ಬಿಣದ ಮೈಮೇಲೆ ರಂಜಕದ ಜಾಗವನ್ನು ತಾವು ಹಿಡಿದು, ಕೆಲವು ವಾರ ಅಂಟುವಿಕೆ ತಗ್ಗಿಸುತ್ತವೆ. ಬೇರು ಹೋದ ದಾರಿ ಮುಂದಿನ ಬೆಳೆಗೆ ಉಳಿಯುತ್ತದೆ. ಶಿಲೀಂಧ್ರಕ್ಕೆ ಆಶ್ರಯ ಸಿಗುತ್ತದೆ. ಲಾಭ ಇರುವುದು ಈ ಮೂರರಲ್ಲಿ.

ಯಾವ ಬೆಳೆ, ಯಾವ ಹದ ಎಂಬುದೂ ಮುಖ್ಯ. ಸೆಣಬನ್ನು ಹೂ ಬರುವ ಹೊತ್ತಿಗೆ, ನಲವತ್ತು ನಲವತ್ತೈದು ದಿನಕ್ಕೆ ಮಣ್ಣಿಗೆ ಸೇರಿಸಬೇಕು. ನಾರು ಬಲಿತ ಮೇಲೆ, ಅಥವಾ ಒಣ ಮೆಕ್ಕೆಜೋಳದ ಸಪ್ಪೆಯನ್ನೇ ಮಣ್ಣಿಗೆ ಸೇರಿಸಿದರೆ, ಕೊಳೆಸುವ ಜೀವಾಣುಗಳು ತಮ್ಮ ಹೊಟ್ಟೆಗೆ ಸಾಲದ ರಂಜಕವನ್ನು ಮಣ್ಣಿನಿಂದಲೇ ಕಿತ್ತುಕೊಳ್ಳುತ್ತವೆ; ಪೈರಿಗೆ ಆಗ ಇನ್ನೂ ಕಷ್ಟ. ಸಪ್ಪೆಯನ್ನು ಮೇಲೆ ಹೊದಿಕೆಯಾಗಿ ಬಿಡಿ, ಒಳಗೆ ಕಲಸಬೇಡಿ. ಸಾಸಿವೆ, ಮೂಲಂಗಿ ಜಾತಿಯ ಬೀಜ ಬೆರೆಸಿದ ಹೊದಿಕೆ ಮಿಶ್ರಣ ಕೊಳ್ಳಬೇಡಿ. ಅವುಗಳ ಬೇರಿನಲ್ಲಿ ಆ ಶಿಲೀಂಧ್ರ ಬದುಕುವುದಿಲ್ಲ.

ನನ್ನನ್ನು ಕೇಳಿದರೆ ನಿಮ್ಮ ಹೊಲಕ್ಕೆ ತೊಗರಿಯೇ ಮೊದಲ ಆಯ್ಕೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ನಡೆದು 1990ರಲ್ಲಿ ಪ್ರಕಟವಾದ ಸಂಶೋಧನೆ ಒಂದು ಮಾತು ಹೇಳಿತು: ತೊಗರಿ ಬೇರು ಪಿಸಿಡಿಕ್ ಆಮ್ಲವನ್ನು ಸ್ರವಿಸುತ್ತದೆ, ಅದು ಕಬ್ಬಿಣವನ್ನು ಹಿಡಿದು ಎಳೆದು, ಕಬ್ಬಿಣಕ್ಕೆ ಅಂಟಿದ ರಂಜಕವನ್ನು ಬಿಡಿಸುತ್ತದೆ. ಜೋಳಕ್ಕೆ, ಮೆಕ್ಕೆಜೋಳಕ್ಕೆ ಈ ಕಲೆ ಇಲ್ಲ. ಅಕ್ಕಡಿ ಸಾಲಿನಲ್ಲಿ ತೊಗರಿ ಹಾಕುತ್ತಿದ್ದ ನಮ್ಮ ಹಿರಿಯರು ಆಮ್ಲದ ಹೆಸರು ಕೇಳಿರಲಿಲ್ಲ, ಆದರೆ ತೊಗರಿ ಉದುರಿಸಿದ ಎಲೆಯ ಮೇಲೆ ಮುಂದಿನ ಬೆಳೆ ಚೆನ್ನಾಗಿ ಬರುವುದನ್ನು ನೋಡಿದ್ದರು. ಆರು ಸಾಲು ಮೆಕ್ಕೆಜೋಳಕ್ಕೆ ಒಂದು ಸಾಲು ತೊಗರಿ ಹಾಕಿದರೆ ಮೆಕ್ಕೆಜೋಳ ಮುರಿದ ಮೇಲೂ ಹೊಲ ಎರಡು ತಿಂಗಳು ಹಸಿರಾಗಿರುತ್ತದೆ, ಮನೆಗೆ ಬೇಳೆಯೂ ಬರುತ್ತದೆ. ತೊಡಕು ಒಂದಿದೆ, ದಯವಿಟ್ಟು ಗಮನಿಸಿ: ಮೆಕ್ಕೆಜೋಳಕ್ಕೆ ಕಳೆನಾಶಕವಾಗಿ ಹೊಡೆಯುವ ಅಟ್ರಜಿನ್ ತೊಗರಿ, ಹುರುಳಿ, ಅಲಸಂದೆ ಎಲ್ಲವನ್ನೂ ಸುಡುತ್ತದೆ. ಅಕ್ಕಡಿ ಹಾಕುವ ವರ್ಷ ಬಿತ್ತಿದ ಕೂಡಲೇ ಪೆಂಡಿಮೆಥಾಲಿನ್ ಹೊಡೆದು, ಆಮೇಲೆ ಎಡೆಕುಂಟೆ ಹೊಡೆಯಿರಿ.

ಎರಡನೆಯದು, ಮೆಕ್ಕೆಜೋಳ ಒಣಗುವ ಹೊತ್ತಿಗೆ, ಉತ್ತರೆ ಹಸ್ತ ಮಳೆಯ ತೇವದಲ್ಲಿ ಸಾಲಿನ ನಡುವೆ ಹುರುಳಿ ಚೆಲ್ಲುವುದು. ಖರ್ಚು ಕಡಿಮೆ. ಮಳೆ ಕೈಕೊಟ್ಟರೆ ಹೋಗುವುದು ಬೀಜದ ದುಡ್ಡು ಮಾತ್ರ.

ಮೂರನೆಯದು, ಭರಣಿ ಕೃತ್ತಿಕೆ ಮಳೆಗೆ ಸೆಣಬು ಹಾಕಿ ಮೆಕ್ಕೆಜೋಳಕ್ಕೆ ಮುಂಚೆ ಮಣ್ಣಿಗೆ ಸೇರಿಸುವುದು. ಭಾಷಣಗಳಲ್ಲಿ ಇದನ್ನೇ ಹೆಚ್ಚು ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಒಂದು ವರ್ಷ ನನ್ನ ಮಾತು ಕೇಳಿ ಸೆಣಬು ಹಾಕಿದ ರೈತರೊಬ್ಬರ ಹೊಲದಲ್ಲಿ ಅದು ಸೊಂಟದೆತ್ತರ ಬಂತು. ಮೃಗಶಿರ, ಆರಿದ್ರಾ ಎರಡೂ ಬರಲಿಲ್ಲ. ಸೆಣಬು ಮಣ್ಣಿನ ತೇವವನ್ನೆಲ್ಲ ಕುಡಿದಿತ್ತು. ಪಕ್ಕದ ಖಾಲಿ ಹೊಲದವರು ಇದ್ದ ತೇವದಲ್ಲಿ ಬಿತ್ತಿ ಮುಗಿಸಿದರು, ಇವರು ಇಪ್ಪತ್ತು ದಿನ ಆಕಾಶ ನೋಡಿದರು. ಅಂದಿನಿಂದ ಖುಷ್ಕಿಯವರಿಗೆ ನಾನು ಇದನ್ನು ಒಂದು ಎಕರೆಗೆ ಮಿತಿಗೊಳಿಸಿಯೇ ಹೇಳುವುದು. ಭದ್ರಾ ಕಾಲುವೆಯ ನೀರಿರುವ ಹರಿಹರ, ದಾವಣಗೆರೆ ಕಡೆಯವರ ಮಾತು ಬೇರೆ.

ಡಿಎಪಿ ಎಷ್ಟು ಕಡಿಮೆ ಮಾಡಬೇಕು? ಖುಷ್ಕಿ ಮೆಕ್ಕೆಜೋಳಕ್ಕೆ ಸಾಮಾನ್ಯ ಶಿಫಾರಸೇ ಎಕರೆಗೆ 20 ಕಿಲೋ ಪಿ2ಒ5, ಅಂದರೆ ಒಂದು ಚೀಲಕ್ಕೂ ತುಸು ಕಮ್ಮಿ. ನಿಮ್ಮದು 'ಹೆಚ್ಚು' ಇರುವ ಹೊಲ. ಈ ಸಲ ಒಂದು ಚೀಲಕ್ಕೆ ಇಳಿಸಿ, ಎರಚಬೇಡಿ, ಕೂರಿಗೆಯಲ್ಲಿ ಬಿಡಿ. ಮುಂದಿನ ವರ್ಷ ಅರ್ಧ ಚೀಲ. ಪೂರ್ತಿ ನಿಲ್ಲಿಸಬೇಡಿ, ಎಳೆಯ ಬೇರು ಹಗೇವಿಗೆ ಇಳಿಯುವವರೆಗೆ ಬಾಯಿಗೊಂದು ತುತ್ತು ಬೇಕು. ಒಂದು ಚೀಲ ಡಿಎಪಿ ಕಡಿಮೆ ಮಾಡಿದಾಗ ಅದರ ಜೊತೆ 9 ಕಿಲೋ ಸಾರಜನಕವೂ ಕಮ್ಮಿಯಾಗುತ್ತದೆ ಎಂಬುದನ್ನು ಮರೆಯಬೇಡಿ, 20 ಕಿಲೋ ಯೂರಿಯಾ ಹೆಚ್ಚು ಕೊಟ್ಟು ಸರಿದೂಗಿಸಿ. ಇದನ್ನು ಮರೆತು ಪೈರು ಹಳದಿಯಾದಾಗ 'ಡಿಎಪಿ ಕಮ್ಮಿ ಮಾಡಿದ್ದೇ ತಪ್ಪಾಯ್ತು' ಅಂದುಕೊಂಡವರು ಬಹಳ ಜನ. ಕಾರ್ಡನ್ನೂ ಕುರುಡಾಗಿ ನಂಬಬೇಡಿ: ಹತ್ತು ಸಾಲಿಗೆ ಹಳೆಯ ಹಾಗೆ ಎರಡು ಚೀಲದ ಲೆಕ್ಕ, ಹತ್ತು ಸಾಲಿಗೆ ಒಂದು, ಹತ್ತು ಸಾಲಿಗೆ ಏನೂ ಇಲ್ಲ. ಗೂಟ ಹೊಡೆದು ಗುರುತಿಡಿ, ತೆನೆ ಬೇರೆ ಬೇರೆ ತೂಗಿ.

ಮಾಗಿ ಉಳುಮೆ, ರೋಟವೇಟರ್ ಎರಡನ್ನೂ ಬಿಡಿ. ಚಿಸೆಲ್ ಒಮ್ಮೆ ಆದ ಮೇಲೆ ಬಿತ್ತುವ ಮುಂಚೆ ಒಂದು ಸಲ ಕುಂಟೆ ಹೊಡೆದರೆ ಸಾಕು. ಮೊದಲ ಎರಡು ವರ್ಷ ಕಳೆ ಜಾಸ್ತಿಯಾಗುತ್ತದೆ, ಕೂಲಿ ಲೆಕ್ಕ ಮೊದಲೇ ಹಾಕಿಕೊಳ್ಳಿ. ಕುರಿಗಾರರು ಬಂದಾಗ ಬೇಸಿಗೆಯಲ್ಲಿ ಮಂದೆ ನಿಲ್ಲಿಸಿ: ಸಪ್ಪೆಯ ತುಂಡು ತಿಂದು ಹೋಗುತ್ತವೆ ನಿಜ, ಹಿಕ್ಕೆಯಲ್ಲಿ ಬಿಟ್ಟುಹೋಗುವ ರಂಜಕ ಪೈರಿಗೆ ಸುಲಭವಾಗಿ ಸಿಗುವಂಥದ್ದು. ರಂಜಕ ಕರಗಿಸುವ ಜೀವಾಣು ಪುಡಿಯ ಬಗ್ಗೆ ಕೇಳುವವರಿದ್ದಾರೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಹೊಲದಲ್ಲಿ ಒಂದು ವರ್ಷ ಉಂಟು, ಒಂದು ವರ್ಷ ಇಲ್ಲ. ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಹಾಕಿದರೆ ನಷ್ಟವೇನಿಲ್ಲ, ಅದರ ಮೇಲೆ ಭರವಸೆ ಇಟ್ಟು ಗೊಬ್ಬರದ ಲೆಕ್ಕ ಬದಲಿಸಬೇಡಿ.

ಹಿರಿಯೂರಿನ ಎರೆಹೊಲಕ್ಕೆ ಇದನ್ನೇ ನಕಲು ಮಾಡಬೇಡಿ. ಅಲ್ಲಿ ರಂಜಕವನ್ನು ಹಿಡಿಯುವುದು ಕಬ್ಬಿಣವಲ್ಲ, ಸುಣ್ಣ. ರಸಸಾರ 8 ದಾಟಿರಬಹುದು. ಅಲ್ಲಿ ಹಿಂಗಾರಿಗೆ ಕಡಲೆ ಹಾಕಿ. ಅದರ ಬೇರು ಬಿಡುವ ಆಮ್ಲ ಸುಣ್ಣ ಹಿಡಿದ ರಂಜಕವನ್ನು ಬಿಡಿಸುತ್ತದೆ. ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ, ಚಿಸೆಲ್ ಅಲ್ಲಿಗೆ ದಂಡ. ಆ ಹೊಲದ ಮಣ್ಣನ್ನು ಒಮ್ಮೆ ಬೇರೆಯಾಗಿ ಪರೀಕ್ಷೆ ಮಾಡಿಸಿ.

ಕೊನೆಗೆ ನಿಮ್ಮ ಜಗಳೂರಿನ ಹೊಲದ್ದೇ ಒಂದು ಕೆಲಸ ಬಾಕಿ ಇದೆ. ಯುಗಾದಿ ಕಳೆದ ಮೇಲೆ, ಚಿಸೆಲ್ ಹೊಡೆಸುವ ಮುಂಚೆ, ಎರಡು ಮಾದರಿ ತೆಗೆಯಿರಿ: ಮೇಲಿನ ಎರಡು ಇಂಚಿನದು ಒಂದು, ಎರಡರಿಂದ ಆರು ಇಂಚಿನದು ಇನ್ನೊಂದು. ಹೋದ ವರ್ಷದ ಗೊಬ್ಬರದ ಸಾಲು, ತಿಪ್ಪೆ ಇದ್ದ ಜಾಗ, ಮರದ ನೆರಳು ಬಿಟ್ಟು ಹದಿನೈದು ಕಡೆಯಿಂದ ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ. ಮೇಲಿನದರಲ್ಲಿ ಕೆಳಗಿನದಕ್ಕಿಂತ ಎರಡು ಮೂರು ಪಟ್ಟು ರಂಜಕ ಬಂದರೆ ಚಿಸೆಲ್ ಆದ ಮೇಲೆ ಒಂದೇ ಒಂದು ಸಲ ಐದಾರು ಇಂಚಿನವರೆಗೆ ಉತ್ತು ಕಲಸುವುದು ಒಳ್ಳೆಯದು. ಎರಡೂ ಹೆಚ್ಚುಕಮ್ಮಿ ಸಮ ಇದ್ದರೆ ಮೇಲೆ ಹೇಳಿದ ಹಾಗೆಯೇ ನಡೆಯಿರಿ. ಎರಡೂ ಅಂಕಿ ಸಿಕ್ಕ ಮೇಲೆ ಬರೆಯಿರಿ, ಸತುವಿನ ಅಂಕಿಯನ್ನೂ ಕೇಳಿ ಪಡೆಯಿರಿ.